ಹುಡುಕಿ ಕೊಟ್ಟವರು

ಕೊಡೆಯಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ದಂತವೈದ್ಯೆಯ ಚಿಕಿತ್ಸಾಲಯವಿತ್ತು. ಅದರ ಹಿಂಭಾಗದ ಕೋಣೆಯಲ್ಲಿ ಮೂವತ್ತೊಂದು ವರ್ಷಗಳಿಂದ ಒಬ್ಬನೇ ಕುಳಿತು ಹಲ್ಲಿನ ಸೆಟ್ಟು ಮಾಡುತ್ತಿದ್ದವನನ್ನು ಎಲ್ಲರೂ ದಂತಣ್ಣ ಎಂದು ಕರೆಯುತ್ತಿದ್ದರು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಮೇಣ ಕರಗಿಸುವ ಪುಟ್ಟ ದೀಪ, ಹಲ್ಲು ಉಜ್ಜುವ ಮೋಟಾರು, ಎಷ್ಟು ಒರೆಸಿದರೂ ಮುಗಿಯದ ಬಿಳಿಯ ಧೂಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ಅಚ್ಚುಗಳು ಸಾಲಾಗಿ ಕುಳಿತಿದ್ದವು. ಒಂದೊಂದು ಅಚ್ಚೂ ಒಬ್ಬೊಬ್ಬರ ಬಾಯಿ. ಒಂದೊಂದಕ್ಕೂ ಸೀಸದಕಡ್ಡಿಯಲ್ಲಿ ಬರೆದ ಸಂಖ್ಯೆ. ಹೊಸಬರು ಯಾರಾದರೂ ಒಳಗೆ ಬಂದು ಬೆಚ್ಚಿದರೆ ಅವನು, “ಹೆದರಬೇಡಿ, ಇಡೀ ಊರು ನನ್ನನ್ನು ನೋಡಿದರೆ ಹೀಗೇ ಹಲ್ಲು ಕಿರಿಯುತ್ತೆ” ಎನ್ನುತ್ತಿದ್ದ.

ಮೇಜಿನ ಎಡತುದಿಯಲ್ಲಿ ಒಂದು ರೇಡಿಯೋ ಇತ್ತು. ಅದರ ಗುಂಡಿಯ ಮೇಲೆ ಪ್ಲಾಸ್ಟರು ಅಂಟಿದ ಅವನ ಹೆಬ್ಬೆಟ್ಟಿನ ಗುರುತು ಕಲ್ಲಾಗಿ ಹೋಗಿತ್ತು. ಬುಧವಾರ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಅವನು ಮೋಟಾರನ್ನು ನಿಲ್ಲಿಸುತ್ತಿದ್ದ. ಆ ಒಂದು ಗಂಟೆ, ಡಾಕ್ಟರಮ್ಮನೇ ಬಂದು ಕೂಗಿದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಊರಿನ ಸಣ್ಣ ರೇಡಿಯೋ ಕೇಂದ್ರದಲ್ಲಿ ಆಗ ‘ಹೊಸ ಗಂಟಲು’ ಎಂಬ ಕಾರ್ಯಕ್ರಮ ಬರುತ್ತಿತ್ತು. ಯಾವ ಕಂಪನಿಯೂ ಮುಟ್ಟದ ಹಾಡುಗಳು, ತಾವೇ ಕಟ್ಟಿ, ತಾವೇ ಹಾಡಿ, ತಾವೇ ಧ್ವನಿಮುದ್ರಿಸಿಕೊಂಡವರ ಹಾಡುಗಳು ಮಾತ್ರ ಅಲ್ಲಿ ಕೇಳಿಬರುತ್ತಿದ್ದವು. ಅಂಥ ಹಾಡುಗಳನ್ನು ಕೇಳುಗರೇ ಹುಡುಕಿ ಕಳುಹಿಸಬೇಕು. ಉದ್ಘೋಷಕಿ ಪ್ರತಿ ಹಾಡಿಗೂ ಮುಂಚೆ, “ಹುಡುಕಿ ಕೊಟ್ಟವರು...” ಎಂದು ಒಂದು ಕ್ಷಣ ತಡೆದು, ಆಮೇಲೆ ಹೆಸರು ಹೇಳುವುದು ಅಲ್ಲಿನ ಪದ್ಧತಿ. ಆ ತಡೆಯುವ ಒಂದು ಕ್ಷಣಕ್ಕಾಗಿ ದಂತಣ್ಣ ಹತ್ತೊಂಬತ್ತು ವರ್ಷಗಳಿಂದ ಬದುಕಿದ್ದ ಎಂದರೆ ಅವನ ಹೆಂಡತಿ ಇಲ್ಲವೆನ್ನಲಾರಳು.

ಮೊದಮೊದಲು ಅದೆಲ್ಲ ಕ್ಯಾಸೆಟ್ಟಿನ ಕಾಲ. ಊಟದ ಚೀಲದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವನು ಊರೆಲ್ಲ ಅಲೆಯುತ್ತಿದ್ದ. ರೈಲು ನಿಲ್ದಾಣದ ಮೇಲುಸೇತುವೆಯ ಕೆಳಗೆ ಕೊಳಲು ಮಾರುವವನು, ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತ ಹಾಡುವ ಮೂವರು ಹೆಂಗಸರು, ತನ್ನ ಹರೆಯದ ಕಥೆಯನ್ನು ಹಾಡಿನಲ್ಲೇ ಹೇಳುವ ಕ್ಷೌರಿಕ—ಇವರನ್ನೆಲ್ಲ ಮೊದಲು ಕೇಳಿದ ಕಿವಿ ಅವನದು. ಕ್ಯಾಸೆಟ್ಟನ್ನು ಹಲ್ಲಿನ ಸೆಟ್ಟು ಇಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದ. ಕೇಂದ್ರದಲ್ಲಿ ಆ ಡಬ್ಬಿ ಬಂತೆಂದರೆ ಬಿಚ್ಚುವ ಮುಂಚೆಯೇ ಯಾರದೆಂದು ಗೊತ್ತಾಗುತ್ತಿತ್ತು. ಹೀಗೆ ನಲವತ್ತಮೂರು ಸಲ “ಹುಡುಕಿ ಕೊಟ್ಟವರು... ದಂತಣ್ಣ” ಎಂದು ಊರು ಕೇಳಿತ್ತು. ಬೀದಿಯಲ್ಲಿ ಯಾರಾದರೂ, “ನಿನ್ನೆಯದು ಭರ್ಜರಿಯಾಗಿತ್ತು” ಎಂದರೆ ತಾನೇ ಹಾಡಿದವನಂತೆ ತಲೆ ತಗ್ಗಿಸುತ್ತಿದ್ದ.

ಆ ಸಂತೋಷಕ್ಕೆ ಕಲ್ಲು ಹಾಕಿದವಳು ಹೊರಗಿನವಳಲ್ಲ. ಅವನ ಹೆಂಡತಿಯ ತಂಗಿ. ಅವರ ಮನೆಯ ಮೇಲಿನ ಕೋಣೆಯಲ್ಲೇ ಬಾಡಿಗೆಗಿದ್ದಳು. ಎರಡು ಬಸ್ಸು ಹಿಡಿದು ಹೋಗಿ ಕನ್ನಡಕದಂಗಡಿಯೊಂದರಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂಡಿಸುವ ಕೆಲಸ ಮಾಡುತ್ತಿದ್ದಳು. “ಹಲ್ಲು ನಿಮ್ಮದು, ಕಣ್ಣು ನನ್ನದು, ಊರಿನವರ ಮುಖವೆಲ್ಲ ನಮ್ಮ ಮನೆಯವರದ್ದೇ ಭಾವ” ಎಂದು ಅವಳು ತಮಾಷೆ ಮಾಡಿದರೆ ಅಕ್ಕ ಅಡುಗೆಮನೆಯಿಂದ, “ಕಿವಿ ನನಗೆ ಬಿಟ್ಟಿದ್ದೀರಿ, ನಿಮ್ಮಿಬ್ಬರ ಜಗಳ ಕೇಳೋಕೆ” ಎನ್ನುತ್ತಿದ್ದಳು.

ನಾದಿನಿಗೆ ಹಾಡಿನ ಹುಚ್ಚು ಹಿಡಿಸಿದವನು ದಂತಣ್ಣನೇ. ಆದರೆ ಅವಳು ಅವನಂತೆ ಅಲೆಯಲಿಲ್ಲ. ಬಸ್ಸಿನಲ್ಲಿ ಕುಳಿತು ಫೋನು ತೆರೆದಳು. ಯಾರು ಬೇಕಾದರೂ ತಮ್ಮ ಹಾಡನ್ನು ಹಾಕಬಹುದಾದ, ಯಾರು ಬೇಕಾದರೂ ಕೇಳಬಹುದಾದ ಜಾಲತಾಣಗಳು ಅಷ್ಟರಲ್ಲಿ ಬಂದಿದ್ದವು. ಹೋಗುವಾಗ ಇಪ್ಪತ್ತು ಹಾಡು, ಬರುವಾಗ ಇಪ್ಪತ್ತು ಹಾಡು. ಒಂದು ಬುಧವಾರ, ಖಾಲಿ ವಾಹನ ನಿಲುಗಡೆಯ ನೆಲಮಾಳಿಗೆಯಲ್ಲಿ ಗಂಟಲು ಬಿಚ್ಚಿ ಹಾಡಿದ ಒಬ್ಬ ಕಾವಲುಗಾರನ ಹಾಡು ಬಂತು. “ಹುಡುಕಿ ಕೊಟ್ಟವರು...” ಎಂದು ಉದ್ಘೋಷಕಿ ತಡೆದಳು. ದಂತಣ್ಣ ಅಭ್ಯಾಸಬಲದಿಂದ ಬೆನ್ನು ನೆಟ್ಟಗೆ ಮಾಡಿಕೊಂಡ. “...ಕನ್ನಡಕದಕ್ಕ.”

ಪ್ಲಾಸ್ಟರು ಗಟ್ಟಿಯಾಗುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಹೊರಗಿನಿಂದ ಅದು ಬೆಳ್ಳಗೆ, ಸುಮ್ಮನೆ, ತಣ್ಣಗೆ ಕುಳಿತಂತೆ ಕಾಣುತ್ತದೆ. ಬೆರಳಿಟ್ಟರೆ ಒಳಗೆ ಕಾವು ಏರುತ್ತಿರುತ್ತದೆ. ಅಂದು ಸಂಜೆ ದಂತಣ್ಣ ಮನೆಗೆ ಬಂದದ್ದು ಹಾಗೆ.

“ಚೆನ್ನಾಗಿತ್ತಾ ಭಾವ?” ಎಂದು ನಾದಿನಿ ಮೆಟ್ಟಿಲ ಮೇಲಿಂದಲೇ ಕೇಳಿದಳು.

“ಪರವಾಗಿಲ್ಲ. ಆದರೆ ಕೂತಲ್ಲೇ ಬೆರಳಾಡಿಸಿ ಸಿಕ್ಕಿದ್ದನ್ನ ಹುಡುಕಿದ್ದು ಅಂತಾರೇನೇ? ಚಪ್ಪಲಿ ಸವೆಸಬೇಕು.”

“ನಿಮ್ಮ ಚಪ್ಪಲಿ ಸವೆದಿರೋದು ನಿಜ. ಆದರೆ ಹಾಡೋದು ಗಂಟಲು ಭಾವ, ಚಪ್ಪಲಿ ಅಲ್ಲ.”

ಹೆಂಡತಿ ನಕ್ಕಳು. ಹೆಂಡತಿ ನಕ್ಕಿದ್ದು ಅವನಿಗೆ ಇನ್ನಷ್ಟು ಚುಚ್ಚಿತು.

ಮರುದಿನವೇ ಅವನೂ ಆ ಜಾಲತಾಣಕ್ಕೆ ಸೇರಿದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಫೋನು. ಒಂದು ಹಾಡು ಕೇಳಿದರೆ ತಾಣವು ಅದರಂತಹ ಇನ್ನೂ ಹತ್ತನ್ನು ಮುಂದಿಡುತ್ತಿತ್ತು. ಅವನು ಒಮ್ಮೆ ಅಪ್ಪಿತಪ್ಪಿ ಮಗು ಮಲಗಿಸುವ ಹಾಡನ್ನು ಒತ್ತಿದ. ಆಮೇಲೆ ಒಂದು ತಿಂಗಳು ಅದು ಅವನನ್ನು ಮಲಗಿಸುವ ಪ್ರಯತ್ನವನ್ನೇ ಮಾಡಿತು. ಕೊನೆಗೂ ಒಂದು ಚೆಂದದ ಹಾಡು ಸಿಕ್ಕಿ ಆತುರಾತುರವಾಗಿ ಕೇಂದ್ರಕ್ಕೆ ಕಳುಹಿಸಿದರೆ ಉತ್ತರ ಬಂತು: ‘ಧನ್ಯವಾದಗಳು. ಇದನ್ನು ಕನ್ನಡಕದಕ್ಕ ಹೋದ ವಾರವೇ ಕಳುಹಿಸಿದ್ದಾರೆ.’ ಆ ಉತ್ತರವನ್ನು ಅವನು ಹೆಂಡತಿಗೆ ತೋರಿಸಲಿಲ್ಲ.

ಎರಡು ವರ್ಷದಲ್ಲಿ ನಾದಿನಿಯ ಲೆಕ್ಕ ಮೂವತ್ತು ದಾಟಿತು.

ಆ ವರ್ಷ ರೇಡಿಯೋ ಕೇಂದ್ರಕ್ಕೆ ಇಪ್ಪತ್ತೈದು ತುಂಬಿತು. ಕೇಳುಗರು ವರ್ಷದ ಅತ್ಯಂತ ಮೆಚ್ಚಿನ ಹಾಡನ್ನು ಆರಿಸಬೇಕು. ಆ ಹಾಡನ್ನು ಹುಡುಕಿ ಕೊಟ್ಟವರು ಒಂದು ಬುಧವಾರ ಕೇಂದ್ರಕ್ಕೆ ಬಂದು ಉದ್ಘೋಷಕಿಯ ಕುರ್ಚಿಯಲ್ಲಿ ಕುಳಿತು ಇಡೀ ಒಂದು ಗಂಟೆಯ ಕಾರ್ಯಕ್ರಮ ನಡೆಸಬೇಕು ಎಂದು ಸಾರಿದರು. ದಂತಣ್ಣನಿಗೆ ಕೈಕಾಲು ನಿಲ್ಲಲಿಲ್ಲ. ಆ ಕುರ್ಚಿಯನ್ನು ಅವನು ಕಣ್ಣಿಂದ ನೋಡಿರಲಿಲ್ಲ, ಆದರೆ ಅದು ಕಿರುಗುಟ್ಟುವ ಸದ್ದು ಅವನಿಗೆ ಬಾಯಿಪಾಠವಾಗಿತ್ತು. ಆ ವರ್ಷ ಅವನು ಹುಡುಕಿ ಕೊಟ್ಟದ್ದು ಬಸ್ ಡಿಪೋದಲ್ಲಿ ಟಯರು ಬದಲಿಸುವ ಇಬ್ಬರು ಅಣ್ಣತಮ್ಮಂದಿರನ್ನು. ಸ್ಪ್ಯಾನರಿನಿಂದ ಚಕ್ರದ ಮುಚ್ಚಳ ಬಡಿಯುತ್ತ ಹಾಡಿದ ಅವರ ಹಾಡಿಗೆ ಜನ ಮುಗಿಬಿದ್ದಿದ್ದರು. ಅದು ಎರಡನೆಯ ಸ್ಥಾನದಲ್ಲಿತ್ತು.

ಮೊದಲನೆಯ ಸ್ಥಾನದಲ್ಲಿದ್ದದ್ದು ಕನ್ನಡಕದಕ್ಕನ ಹಾಡು.

ಯಾರೋ ವಯಸ್ಸಾದ ಹೆಂಗಸು ಹಾಡಿದ್ದು. ತಾಣದಲ್ಲಿ ‘ಮೂಲೆಮನೆ’ ಎಂದಷ್ಟೇ ಇತ್ತು. ಊರು, ಹೆಸರು, ಮುಖ ಒಂದೂ ಇಲ್ಲ. ವಾದ್ಯವಿಲ್ಲ. ದಣಿದ, ಆದರೆ ಒಡೆಯದ ದನಿ.

‘ಸರಿದು ನಿಲ್ಲಿ, ಸರಿದು ನಿಲ್ಲಿ, ಸಂಜೆಗೆಲ್ಲ ಇಳಿವಿರಿ,
ಮೇಲೆ ಹೋದ ಎಲ್ಲರನ್ನು ಕೆಳಗೆ ತಂದೆ ನಾನು,
ನಾನು ಇಳಿವ ಮಹಡಿ ಯಾವುದೆಂದು ಯಾರೂ ಕೇಳಲಿಲ್ಲ.’

ಸಾಲು ಮುಗಿದಾಗಲೆಲ್ಲ ಒಂದು ಸಣ್ಣ ‘ಟಕ್’. ಅದು ಬಂದ ಕೂಡಲೆ ಮುಂದಿನ ಸಾಲು ಏಳುತ್ತಿತ್ತು. ಉದ್ಘೋಷಕಿ ಮಾರುಹೋಗಿದ್ದಳು. “ಎಂಥ ತತ್ವ! ಮತ್ತೆ ಆ ಟಕ್! ಅದು ಮರದ ತಾಳವೋ, ಬೆರಳ ಚಿಟಿಕೆಯೋ, ಯಾವ ವಾದ್ಯವೋ ತಿಳಿದವರು ಹೇಳಿ” ಎಂದಳು. ಹೇಳಿದವರು ನೂರು ಜನ, ಹೇಳಿದ್ದು ನೂರು ಬಗೆ.

ಆದರೆ ಒಂದು ನಿಯಮವಿತ್ತು. ಹಾಡಿದವರು ಸ್ವತಃ ಒಪ್ಪಿಗೆ ಕೊಡದೆ ಆ ಹಾಡು ಕೊನೆಯ ಸುತ್ತಿಗೆ ಬರುವಂತಿಲ್ಲ. ಟಯರಿನ ಅಣ್ಣತಮ್ಮಂದಿರು ಮೊದಲ ದಿನವೇ ಸಹಿ ಹಾಕಿದ್ದರು. ಮೂಲೆಮನೆಯಿಂದ ಮಾತ್ರ ಎಷ್ಟು ಸಂದೇಶ ಕಳುಹಿಸಿದರೂ ಉತ್ತರವಿಲ್ಲ. ಇನ್ನು ಹನ್ನೆರಡು ದಿನದೊಳಗೆ ಆಕೆ ಸಿಗದಿದ್ದರೆ ಹಾಡು ಹೊರಗೆ, ಕುರ್ಚಿ ದಂತಣ್ಣನಿಗೆ.

ಆ ಹಾಡನ್ನು ಮೊದಲ ಸಲ ಕೇಳಿದಾಗ ದಂತಣ್ಣ ಹೊಟ್ಟೆಯುರಿಯಲ್ಲೇ ಕೇಳಿದ್ದರಿಂದ ಸರಿಯಾಗಿ ಕೇಳಿರಲಿಲ್ಲ. ನಿಯಮ ಸಾರಿದ ಆ ಬುಧವಾರ ಅವನು ಕಿವಿಗೊಟ್ಟು ಕೇಳಿದ. ಮೊದಲ ‘ಟಕ್’ ಬಂತು. ಅವನ ಕೈಯಲ್ಲಿದ್ದ ಮೇಣದ ಚಾಕು ಹಾಗೇ ನಿಂತಿತು.

ಅದು ತಾಳವೂ ಅಲ್ಲ, ಚಿಟಿಕೆಯೂ ಅಲ್ಲ. ಕೆಳದವಡೆಯ ಹಲ್ಲಿನ ಸೆಟ್ಟು ಸಡಿಲವಾಗಿ, ಬಾಯಿ ಅಗಲಿಸಿದಾಗ ಮೇಲೆದ್ದು, ಮೇಲಿನ ಹಲ್ಲಿಗೆ ತಾಗುವ ಸದ್ದು. ಮೂವತ್ತೊಂದು ವರ್ಷ ಆ ಸದ್ದನ್ನು ಹೋಗಲಾಡಿಸುವುದೇ ಅವನ ಅನ್ನವಾಗಿತ್ತು.

ಅಷ್ಟೇ ಆಗಿದ್ದರೆ ಊರಿನಲ್ಲಿ ಸಡಿಲ ಸೆಟ್ಟಿನವರು ಸಾವಿರ ಜನ ಇದ್ದಾರೆ. ‘ಸರಿದು’, ‘ಸಂಜೆ’ ಎನ್ನುವಾಗ ಸಕಾರದ ಬೆನ್ನಿಗೇ ಎಳೆಯಾದ ಒಂದು ಸಿಳ್ಳೆ ಹೊರಡುತ್ತಿತ್ತು. ಮುಂದಿನ ಎರಡು ಮೇಲುಹಲ್ಲುಗಳ ನಡುವೆ ಸಂದು ಇದ್ದರೆ ಮಾತ್ರ ಅಂಥ ಸಿಳ್ಳೆ. ಕಟ್ಟಿಸಿದ ಹಲ್ಲಿನಲ್ಲಿ ಯಾರು ಸಂದು ಬಿಡಿಸಿಕೊಳ್ಳುತ್ತಾರೆ? ಎಲ್ಲರೂ ಬರುವುದೇ ಮುತ್ತು ಪೋಣಿಸಿದಂತಿರಲಿ ಎಂದು. ಅವನ ಇಡೀ ಕಸುಬಿನಲ್ಲಿ ಒಬ್ಬರೇ ಒಬ್ಬರು, “ನನ್ನ ಹಲ್ಲಿನ ನಡುವೆ ಮೊದಲಿಂದಲೂ ಜಾಗ ಇತ್ತಪ್ಪ. ಅದಿಲ್ಲದಿದ್ದರೆ ಕನ್ನಡಿಯಲ್ಲಿ ಯಾರೋ ಬೇರೆಯವಳು ಕಾಣ್ತಾಳೆ” ಎಂದು ಹಟ ಹಿಡಿದು ಸಂದು ಬಿಡಿಸಿಕೊಂಡಿದ್ದರು. ದೊಡ್ಡ ಬಟ್ಟೆಯಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಲಿಫ್ಟು ನಡೆಸಿ ನಿವೃತ್ತರಾದವರು. ಚಿಕಿತ್ಸಾಲಯದಲ್ಲಿ ಎಲ್ಲರೂ ಅವರನ್ನು ಲಿಫ್ಟಮ್ಮ ಎನ್ನುತ್ತಿದ್ದರು.

ದಂತಣ್ಣ ಎದ್ದು ಹಲಗೆಯ ಮೇಲಿನಿಂದ ಅವರ ಅಚ್ಚನ್ನು ಇಳಿಸಿದ. ಸಂದು ಇತ್ತು. ಅದನ್ನು ಮತ್ತೆ ಅಲ್ಲೇ ಇಟ್ಟ. ಇಡುವಾಗ ಸ್ವಲ್ಪ ಹಿಂದಕ್ಕೆ, ಬೇರೆ ಅಚ್ಚುಗಳ ಮರೆಗೆ ಇಟ್ಟ.

ಅವನು ಸುಮ್ಮನಿರಲು ಎರಡು ಕಾರಣಗಳಿದ್ದವು. ಒಂದು, ಕುರ್ಚಿ. ಇನ್ನೊಂದು, ಊರೆಲ್ಲ ಮೆಚ್ಚಿದ ಆ ಟಕ್ ತನ್ನದೇ ಕೆಲಸದ ಸಡಿಲು ಎಂದು ಯಾವ ಬಾಯಿಂದ ಹೇಳುವುದು? ವರ್ಷ ಕಳೆಯುತ್ತ ವಸಡು ಕುಗ್ಗುತ್ತದೆ, ಬಂದು ಒಳಪದರ ತುಂಬಿಸಿಕೊಳ್ಳಿ ಎಂದು ಅವನು ಆಗಲೇ ಹೇಳಿದ್ದ. ಲಿಫ್ಟಮ್ಮ ಮೂರು ವರ್ಷವಾದರೂ ಬಂದಿರಲಿಲ್ಲ. ಅದು ತನ್ನ ತಪ್ಪಲ್ಲ. ಆದರೆ ರೇಡಿಯೋದಲ್ಲಿ ಸಮಜಾಯಿಷಿ ಕೇಳುವವರು ಯಾರು?

ನಾದಿನಿ ಅತ್ತ ಊಟ ಬಿಟ್ಟು ಹುಡುಕುತ್ತಿದ್ದಳು. ಸಂಗೀತ ಶಾಲೆಗಳಲ್ಲಿ ವಿಚಾರಿಸಿದಳು, ವೃದ್ಧಾಶ್ರಮಕ್ಕೆ ಹೋಗಿ ಬಂದಳು, ಅಂಗಡಿಗೆ ಬರುವ ವಯಸ್ಸಾದವರನ್ನೆಲ್ಲ ಕಣ್ಣು ಪರೀಕ್ಷಿಸುವ ನೆಪದಲ್ಲಿ ಮಾತಾಡಿಸಿ ದನಿ ಪರೀಕ್ಷಿಸಿದಳು. ಭಾನುವಾರ ಕೆಳಗಿಳಿದು ಬಂದು ಫೋನನ್ನು ಅವನ ಮುಂದಿಟ್ಟಳು.

“ಭಾವ, ಜಗಳ ಆಮೇಲೆ ಆಡೋಣ. ನಿಮ್ಮಷ್ಟು ಚುರುಕು ಕಿವಿ ಈ ಊರಲ್ಲಿ ಇನ್ನೊಂದಿಲ್ಲ. ಈ ಟಕ್ ಏನಿರಬಹುದು ಹೇಳಿ. ಅದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನೋದಾದರೂ ಗೊತ್ತಾಗುತ್ತೆ.”

ದಂತಣ್ಣ ಕಣ್ಣು ಮುಚ್ಚಿ ಇಡೀ ಹಾಡು ಕೇಳಿದ. ಕೇಳಿದಂತೆ ನಟಿಸಿದ ಎನ್ನಲಾಗದು, ನಿಜವಾಗಿಯೇ ಕೇಳಿದ.

“ಮರದ ತಾಳ” ಎಂದ.

“ಹೌದಾ? ಖಂಡಿತವಾ?”

“ಒಣಗಿದ ಮರದ್ದು. ನೀನು ವಾದ್ಯ ಮಾಡುವವರ ಬೀದಿಯಲ್ಲಿ ವಿಚಾರಿಸು.”

ಅವಳು ಮರುದಿನ ಅರ್ಧ ದಿನ ರಜೆ ಹಾಕಿ ವಾದ್ಯದವರ ಬೀದಿಗೆ ಹೋದಳು. ಸಂಜೆ ಕಾಲೆಳೆದುಕೊಂಡು ಮನೆಗೆ ಬಂದಾಗ ಅಕ್ಕ ಬಿಸಿನೀರಿನ ಬಕೆಟ್ಟು ತಂದಿಟ್ಟಳು. ದಂತಣ್ಣ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದ. ನಾದಿನಿಯ ಊದಿದ ಪಾದ ಕಂಡು ಅವನಿಗೆ ಅಯ್ಯೋ ಎನಿಸಿತು. ‘ಈಗ ಸವೆಯಿತು ಚಪ್ಪಲಿ’ ಎಂದೂ ಅನಿಸಿತು. ಎರಡರಲ್ಲಿ ಯಾವುದು ಮೊದಲು ಅನಿಸಿತೆಂಬುದು ಅವನಿಗೇ ಗೊತ್ತು.

ಮುಂದಿನ ಬುಧವಾರ ಹಾಡು ಮತ್ತೆ ಬಂತು. ಈ ಸಲ ದಂತಣ್ಣನ ಕಿವಿ ಟಕ್ ಬಿಟ್ಟು ಅದರ ಹಿಂದಿನದನ್ನು ಹಿಡಿಯಿತು. ಟಕ್ ಆದ ಮೇಲೆ, ಮುಂದಿನ ಸಾಲು ಏಳುವ ಮುಂಚೆ, ಒಂದು ಎಳೆಯಷ್ಟು ಉಸಿರು ಒಳಗೆಳೆದುಕೊಳ್ಳುವ ಸದ್ದು. ಅದು ಹಾಡುಗಾರರು ತೆಗೆದುಕೊಳ್ಳುವ ಉಸಿರಲ್ಲ. ವಸಡಿನ ಹುಣ್ಣಿಗೆ ಗಟ್ಟಿ ಅಂಚು ತಾಗಿದಾಗ ಜನ ಎಳೆದುಕೊಳ್ಳುವ ಉಸಿರು. ಪಕ್ಕದ ಕೋಣೆಯ ಡಾಕ್ಟರಮ್ಮನ ಕುರ್ಚಿಯಿಂದ ಅದನ್ನು ಅವನು ಸಾವಿರಾರು ಸಲ ಕೇಳಿದ್ದ.

ಕಾರ್ಯಕ್ರಮ ಮುಗಿಯುವವರೆಗೆ ಕುಳಿತಿರಲು ಅವನಿಂದ ಆಗಲಿಲ್ಲ. ಹಳೆಯ ದಾಖಲೆ ಪುಸ್ತಕದಿಂದ ವಿಳಾಸ ಬರೆದುಕೊಂಡು ಹೊರಟ. ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ: ಸೆಟ್ಟಿನ ವಿಷಯ ಮಾತ್ರ. ರೇಡಿಯೋ ಸುದ್ದಿ ಎತ್ತುವುದಿಲ್ಲ. ಕೆಲಸದವನಾಗಿ ಹೋಗುವುದು, ಕೆಲಸದವನಾಗಿ ಬರುವುದು.

ಲಿಫ್ಟಮ್ಮ ಇದ್ದದ್ದು ನಾಲ್ಕನೆಯ ಮಹಡಿಯ ಮೂಲೆಯ ಒಂದು ಕೋಣೆಯಲ್ಲಿ. ಕಟ್ಟಡಕ್ಕೆ ಲಿಫ್ಟು ಇರಲಿಲ್ಲ. ಬಾಗಿಲು ತೆರೆದವರು ಅವನು ಏದುಸಿರು ಬಿಡುವುದನ್ನು ನೋಡಿ ನಕ್ಕರು. ಬಾಯಿಯಲ್ಲಿ ಹಲ್ಲಿರಲಿಲ್ಲ.

“ಓ, ಹಲ್ಲಿನೋನು! ಬಾ, ಬಾ. ಕೂತ್ಕೊ, ಮೊದಲು ಉಸಿರಾಡು. ಜನರನ್ನ ಮೇಲೆ ಕೆಳಗೆ ಸಾಗಿಸಿ ಸಾಗಿಸಿ ಬಂದೋಳು, ನನಗೆ ಸಿಕ್ಕಿರೋ ಮನೆ ನೋಡು.”

ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ನೀರಿನ ಲೋಟ. ಲೋಟದಲ್ಲಿ ಅವನ ಕೈಯ ಕೆಲಸ ಮುಳುಗಿ ಕುಳಿತಿತ್ತು. ಒಂದು ತಟ್ಟೆಯಲ್ಲಿ ಸೇಬಿನ ಹಣ್ಣನ್ನು ತುರಿದು ಇಟ್ಟಿತ್ತು.

“ಅಗಿಯೋಕೆ ಆಗಲ್ವಾ ಅಮ್ಮ?”

“ತಿನ್ನೋವಾಗ ತೆಗೆದಿಡ್ತೀನಪ್ಪ. ಹಾಡೋವಾಗ ಮಾತ್ರ ಹಾಕ್ಕೋತೀನಿ. ಇಲ್ಲದಿದ್ದರೆ ಮಾತು ಎಲ್ಲ ಗಾಳಿ.”

“ನೋವಿದ್ದರೂ?”

“ಇಪ್ಪತ್ತೆಂಟು ವರ್ಷ ಆ ಪೆಟ್ಟಿಗೆಯೊಳಗೆ ನಿಂತು ಬಾಯಿ ಮುಚ್ಚಿಕೊಂಡೇ ಹಾಡು ಕಟ್ಟಿದೆ. ಗಿರಾಕಿಗಳ ಮುಂದೆ ಗುನುಗಿದರೂ ಬೈಗುಳ. ಈಗ ಬಾಯಿ ಬಿಡೋಕೆ ಯಾರ ಅಪ್ಪಣೆಯೂ ಬೇಡ, ಒಂಚೂರು ನೋವಿಗೆ ಸುಮ್ಮನಿರಲಾ?”

ಕೆಳಗಿನ ಮಹಡಿಯ ದರ್ಜಿ ಹೆಂಗಸು ತನ್ನ ಫೋನಿನಲ್ಲಿ ಧ್ವನಿ ಹಿಡಿದು ತಾಣಕ್ಕೆ ಹಾಕಿದಳಂತೆ. ಬಂದ ಮಾತುಗಳನ್ನು ದಿನವೂ ಓದಿ ಹೇಳುತ್ತಾಳಂತೆ. ದಂತಣ್ಣ ಮಾಡಿಕೊಂಡ ನಿರ್ಧಾರ ಬಾಯಿಂದ ಜಾರಿತು.

“ರೇಡಿಯೋದವರು ಬರೆದಿದ್ದರಲ್ಲ, ಅದಕ್ಕೆ ಯಾಕೆ ಉತ್ತರ ಕೊಡಲಿಲ್ಲ?”

“ಅಯ್ಯೋ, ಅದು ನಿಜವಾ? ‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ’ ಅಂತ ಬಂತು. ಇಂಥದ್ದಕ್ಕೆ ಮಾತ್ರ ಬಾಯಿ ಬಿಡಬೇಡಿ ಅಂತ ಬ್ಯಾಂಕಿನೋರು ಬೋರ್ಡೇ ಹಾಕಿದ್ದಾರೆ. ನಾನು, ದರ್ಜಿಯಮ್ಮ ಇಬ್ಬರೂ ಸೇರಿ ಅಳಿಸಿ ಹಾಕಿದ್ವಿ.”

ದಂತಣ್ಣನಿಗೆ ನಗು ಬಂತು. ಲಿಫ್ಟಮ್ಮ ಮುಂದಕ್ಕೆ ಬಾಗಿದರು.

“ಹಾಗಾದರೆ ನನ್ನ ಹಾಡನ್ನ ರೇಡಿಯೋಗೆ ಕೊಟ್ಟಿದ್ದು ಯಾರಪ್ಪ?”

ಮೆಟ್ಟಿಲು ಹತ್ತಿ ಬಂದವನು ತಾನು. ಸದ್ದು ಹಿಡಿದು ಮನುಷ್ಯರನ್ನು ಹುಡುಕಿದವನು ತಾನು. ಹುಡುಕುವುದೆಂದರೆ ಇದಲ್ಲದೆ ಇನ್ನೇನು?

“ನಾನೇ” ಎಂದ.

ಲಿಫ್ಟಮ್ಮ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡರು. “ನೀನಾ! ‘ನಾಲ್ಕು ಕಣ್ಣು’ ಅನ್ನೋ ಹೆಸರಲ್ಲಿ ನನಗೆ ಬರೆದೋನು ನೀನಾ! ನಾನೊಬ್ಬಳು, ನಿನ್ನ ಮೂಗಿನ ಮೇಲೆ ಕನ್ನಡಕ ಇದ್ದರೂ ಹೊಳೀಲಿಲ್ಲ ನೋಡು.”

ಅವರು ಎದ್ದು ದಿಂಬಿನ ಕೆಳಗಿನಿಂದ ಕ್ಯಾಲೆಂಡರಿನ ಹಾಳೆಯೊಂದನ್ನು ತೆಗೆದರು. ದರ್ಜಿಯಮ್ಮನಿಂದ ದಪ್ಪ ಅಕ್ಷರದಲ್ಲಿ ಬರೆಸಿಕೊಂಡದ್ದು. ಹಾಳೆ ಅವನ ಕೈಗೆ ಕೊಟ್ಟರೂ ತಾವೇ ನೋಡದೆ ಒಪ್ಪಿಸಿದರು:

“‘ಅಮ್ಮಾ, ಇದನ್ನು ಹಾಡಿದವರು ಯಾರೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕೇಳುತ್ತ ಕುಳಿತು ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟೆ. ವಾಪಸು ನಡೆದು ಬರುವಾಗ ನೀವು ಇಳಿಯುವ ಮಹಡಿ ಯಾವುದು ಎಂದು ಯೋಚಿಸಿದೆ. ಕೆಲಸಕ್ಕೆ ತಡವಾಯಿತು, ಬೈಸಿಕೊಂಡೆ, ಬೇಜಾರಾಗಲಿಲ್ಲ.’ ಎಲ್ಲರೂ ತತ್ವ ಗಿತ್ವ ಅಂತ ಬರೆದರು ಕಣಪ್ಪ. ತತ್ವ ಎಲ್ಲಿ ಬಂತು, ಲಿಫ್ಟಿನ ಹಾಡು ಅದು. ಇಳಿಯೋ ಮಹಡಿ ಯಾವುದು ಅಂತ ಕೇಳಿದೋನು ನೀನೊಬ್ಬನೇ. ಅದಿರಲಿ, ಯಾವ ನಿಲ್ದಾಣ ದಾಟಿ ಹೋದೆ?”

ದಂತಣ್ಣ ಕೆಲಸಕ್ಕೆ ಹೋಗುತ್ತಿದ್ದದ್ದು ನಡೆದುಕೊಂಡು.

ಹತ್ತೊಂಬತ್ತು ವರ್ಷ, ನಲವತ್ತಮೂರು ಹಾಡು. ಕೊಳಲಿನವನಿಗೆ, ಗಿರಣಿಯ ಹೆಂಗಸರಿಗೆ, ಕ್ಷೌರಿಕನಿಗೆ ಅವನು ಒಂದು ಸಾಲು ಬರೆದಿದ್ದನೇ? ಬರೆದದ್ದೆಲ್ಲ ರೇಡಿಯೋ ಕೇಂದ್ರಕ್ಕೆ. ಕೊನೆಯಲ್ಲಿ ತನ್ನ ಹೆಸರು ದಪ್ಪಗೆ. ಕೈಯಲ್ಲಿದ್ದ ಹಾಳೆಯನ್ನು ಅವನು ಇನ್ನೊಮ್ಮೆ ಓದಿದ. ಹುಡುಕಾಟದಲ್ಲಿ ನಾದಿನಿ ತನಗಿಂತ ಮುಂದೆ ಹೋದದ್ದು ಇಷ್ಟು ದಿನ ಅವನನ್ನು ಸುಟ್ಟಿತ್ತು. ಈಗ ಸುಟ್ಟದ್ದು ಈ ಐದಾರು ಸಾಲು. ಇದನ್ನು ತಾನು ಬರೆದೆನೆಂದು ಹೇಳಿಕೊಳ್ಳಬಹುದಿತ್ತು, ಲಿಫ್ಟಮ್ಮ ಆಗಲೇ ನಂಬಿದ್ದರು. ಆದರೆ ನಂಬಿದವರು ಇನ್ನೂ ಕೈ ಬಿಟ್ಟಿರಲಿಲ್ಲ. ಹಿಡಿದ ಕೈ ಬೆಚ್ಚಗಿತ್ತು, ಮತ್ತು ಅದು ತನ್ನನ್ನು ಹಿಡಿದದ್ದಲ್ಲ ಎಂದು ಅವನಿಗೆ ಗೊತ್ತಿತ್ತು.

“ನಾನಲ್ಲ ಅಮ್ಮ” ಎಂದ. “ನನ್ನ ನಾದಿನಿ. ನಾನು ಸುಳ್ಳು ಹೇಳಿದೆ.”

ಲಿಫ್ಟಮ್ಮ ಕೈ ಬಿಟ್ಟರು.

“ಹಾಗಾದರೆ ನೀನು ಬಂದಿದ್ದು ಯಾಕೆ?”

“ನಿಮ್ಮ ಸೆಟ್ಟು ಸಡಿಲ ಆಗಿದೆ. ಇಡೀ ಊರಿಗೆ ಕೇಳಿಸ್ತಾ ಇದೆ.”

ಅವರು ಲೋಟದ ಕಡೆ ನೋಡಿ, ಅವನ ಕಡೆ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾದಿನಿಗೆ ಹೇಳುವುದು ನಾಲ್ಕು ಮಹಡಿ ಹತ್ತಿದ್ದಕ್ಕಿಂತ ಕಷ್ಟವಾಯಿತು. ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರೂ ಇದ್ದಾಗಲೇ ಹೇಳಿದ. ವಿಳಾಸದ ಚೀಟಿಯನ್ನು ಮೇಜಿನ ಮೇಲಿಟ್ಟ. ಅವಳು ಮೊದಲು ಕುಣಿದಳು. ಆಮೇಲೆ ನಿಂತಳು.

“ಯಾವತ್ತು ಗೊತ್ತಾಯ್ತು ಭಾವ?”

“ಹೋದ ಬುಧವಾರ.”

“ಅಂದರೆ ಭಾನುವಾರ ನಾನು ಕೇಳಿದಾಗ ಗೊತ್ತಿತ್ತು. ಮರದ ತಾಳ ಅಂದ್ರಿ. ಒಣಗಿದ ಮರದ್ದು ಅಂತ ಬೇರೆ.”

ಅವಳು ಚೀಟಿ ತೆಗೆದುಕೊಂಡು ಮೇಲೆ ಹೋದಳು. ಹೆಂಡತಿ ಪಾತ್ರೆ ಉಜ್ಜುತ್ತ, “ಚುರುಕು ಕಿವಿ ಅಂತ ಹೊಗಳಿದ್ದಳು ಪಾಪ” ಎಂದಳು, ಅಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಒಪ್ಪಿಗೆ ಸಿಕ್ಕಿತು, ಹಾಡು ಗೆದ್ದಿತು. ಕಾರ್ಯಕ್ರಮದಲ್ಲಿ ಲಿಫ್ಟಮ್ಮ ನೇರವಾಗಿ ಹಾಡಬೇಕೆಂದು ತೀರ್ಮಾನವಾಯಿತು. ಆ ಟಕ್ ಮಾತ್ರ ಇರಲೇಬೇಕು, ಅದಕ್ಕಾಗಿಯೇ ಜನ ಕಾಯುತ್ತಾರೆ ಎಂದು ಉದ್ಘೋಷಕಿ ನಾದಿನಿಗೆ ಒತ್ತಿ ಹೇಳಿದಳಂತೆ. ನಾದಿನಿ ಅದನ್ನು ಚಿಕಿತ್ಸಾಲಯದಲ್ಲಿ ಡಾಕ್ಟರಮ್ಮನ ಮುಂದೆ ಇಟ್ಟಳು, ದಂತಣ್ಣನ ಕಡೆ ನೋಡದೆ. ದಂತಣ್ಣನಿಗೋ, ಸರಿಮಾಡಲೇಬೇಕು ಎನ್ನಲು ಬಾಯಿ ಬಾರದು. ಹಾಗೆನ್ನಬೇಕೆನಿಸಿದ್ದು ಹುಣ್ಣಿನ ಮೇಲಿನ ಮರುಕವೋ ನಾದಿನಿಯ ಹಾಡನ್ನು ಕೆಡಿಸುವ ಆಸೆಯೋ ಅವನಿಗೇ ಖಾತ್ರಿಯಿರಲಿಲ್ಲ. ಕುರ್ಚಿಯಲ್ಲಿ ಒರಗಿದ್ದ ಲಿಫ್ಟಮ್ಮನೇ ತೀರ್ಮಾನ ಹೇಳಿದರು.

“ಹಾಡೋದು ಐದು ನಿಮಿಷ, ತಿನ್ನೋದು ದಿನಕ್ಕೆ ಮೂರು ಹೊತ್ತು. ಸರಿಮಾಡಪ್ಪ. ಸಂದು ಮಾತ್ರ ಮುಟ್ಟಬೇಡ.”

ಡಾಕ್ಟರಮ್ಮ ಅಳತೆ ತೆಗೆದರು. ದಂತಣ್ಣ ಎರಡು ದಿನ ಆ ಒಂದು ಸೆಟ್ಟಿನ ಮೇಲೆಯೇ ಕುಳಿತ. ಒಳಪದರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಉಜ್ಜಿ, ನಾಲಗೆಯ ತುದಿಯಿಂದ ಮುಟ್ಟಿ ನೋಡುವಷ್ಟು ನುಣುಪು ಮಾಡಿದ. ತನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ. ಮಾಡುವಾಗ ಅಷ್ಟು ಸಂಕಟವನ್ನೂ ಪಟ್ಟಿರಲಿಲ್ಲ.

ಬುಧವಾರ ನಾಲ್ಕು ಗಂಟೆಗೆ ಮೋಟಾರು ನಿಂತಿತು. ಕುರ್ಚಿ ಕಿರುಗುಟ್ಟಿತು. ನಾದಿನಿಯ ದನಿ ಬಂತು. ಮೊದಲಿಗೆ ನಡುಗಿತು, ಆಮೇಲೆ ಓಡಿತು. “ನಿಧಾನ, ನಿಧಾನ” ಎಂದು ದಂತಣ್ಣ ಖಾಲಿ ಕೋಣೆಯಲ್ಲಿ ಗೊಣಗಿದ. ಲಿಫ್ಟಮ್ಮ ಹಾಡಿದರು. ಟಕ್ ಇರಲಿಲ್ಲ, ಆ ಎಳೆಯಷ್ಟು ಉಸಿರೂ ಇರಲಿಲ್ಲ. ಸಾಲು ಮುಗಿದಾಗ ದನಿ ಅಲ್ಲೇ ನಿಲ್ಲದೆ, ಹಿಂದೆಂದೂ ಹೋಗದಷ್ಟು ಮೇಲಕ್ಕೆ ಹತ್ತಿತು. ಟಕ್ ಎಲ್ಲಿ ಎಂದು ಕೇಳುಗರೊಬ್ಬರು ಕರೆ ಮಾಡಿದರು. “ಅದು ನನ್ನ ಹಲ್ಲು ಕಣಪ್ಪ, ರಿಪೇರಿ ಆಯ್ತು” ಎಂದರು ಲಿಫ್ಟಮ್ಮ. ಕೇಂದ್ರದಲ್ಲಿ ನಗು ತುಂಬಿತು.

ರಿಪೇರಿ ಮಾಡಿದವನ ಹೆಸರು ಬರಬಹುದೆಂದು ದಂತಣ್ಣ ಕಾದ. ಐದು ಗಂಟೆಯವರೆಗೂ ಕಾದ. ನಾದಿನಿ ದರ್ಜಿಯಮ್ಮನಿಗೆ ವಂದನೆ ಹೇಳಿದಳು, ಡಾಕ್ಟರಮ್ಮನಿಗೆ ಹೇಳಿದಳು, ವಾದ್ಯದವರ ಬೀದಿಯಲ್ಲಿ ಕುಡಿಯಲು ನೀರು ಕೊಟ್ಟವರಿಗೂ ಹೇಳಿದಳು. ಕಾರ್ಯಕ್ರಮ ಮುಗಿಯಿತು.

ಅವನು ಮನೆಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು.

“ಕೇಳಿದ್ರಾ?”

“ಕೇಳಿದೆ. ಎರಡನೇ ಹಾಡಾದ ಮೇಲೆ ತುಂಬ ಬೇಗ ಮಾತಾಡಿದೆ.”

“ಹೊಟ್ಟೆಕಿಚ್ಚು.”

“ಹೌದು” ಎಂದ ದಂತಣ್ಣ.

ಅವಳು ಚಪ್ಪಲಿಯ ಉಂಗುಟ ತಿರುವಿದಳು. ಆಮೇಲೆ ಒಂದು ಬದಿಗೆ ಸರಿದು ಜಾಗ ಮಾಡಿದಳು. ಅವನು ಕುಳಿತಾಗ ಕಿವಿಯ ತಂತಿಯಲ್ಲಿ ಒಂದನ್ನು ಅವನತ್ತ ಚಾಚಿದಳು.

“ಇದನ್ನ ಕೇಳಿ. ಬೆಳಗ್ಗೆ ಸಿಕ್ಕಿತು. ಇಲ್ಲಿವರೆಗೆ ಕೇಳಿದೋರು ಮೂರೇ ಜನ, ಅದರಲ್ಲಿ ಎರಡು ಸಲ ನಾನೇ.”

ಯಾರೋ ಗಂಡಸು ಹಾಡುತ್ತಿದ್ದ. ಹಿಂದೆ ಎಲ್ಲೋ ನಲ್ಲಿಯ ನೀರು ಬಿಂದಿಗೆಗೆ ತುಂಬುತ್ತಿತ್ತು. ನೀರಿನ ಸದ್ದು ಏರಿದಂತೆ ಅವನೂ ಶ್ರುತಿ ಏರಿಸುತ್ತಿದ್ದ. ಬಿಂದಿಗೆ ತುಂಬಿತು, ಹಾಡು ಮುಗಿಯಿತು. ದಂತಣ್ಣನೊಳಗೆ ಮತ್ತೆ ಅದೇ ಪ್ಲಾಸ್ಟರಿನ ಕಾವು ಎದ್ದಿತು. ಇದೂ ಇವಳಿಗೇ ಸಿಗಬೇಕೇ!

“ಇವನಿಗೆ ಬರೆದೆಯಾ?” ಎಂದು ಕೇಳಿದ.

“ಯಾರಿಗೆ?”

“ಹಾಡಿದವನಿಗೆ.”

“ಇನ್ನೂ ಇಲ್ಲ. ಬಸ್ಸು ಇಳಿಯೋ ಗಡಿಬಿಡಿ ಇತ್ತು.”

“ಹಾಗಾದರೆ ನೀನು ಸುಮ್ಮನಿರು” ಎಂದು ದಂತಣ್ಣ ಕನ್ನಡಕ ಸರಿಮಾಡಿಕೊಂಡು ಅವಳ ಕೈಯಿಂದ ಫೋನು ಎಳೆದುಕೊಂಡ. “ಇವನಿಗೆ ಮೊದಲು ಬರೆಯೋದು ನಾನು.”

“ಅಯ್ಯೋ, ಅದಕ್ಕೂ ಪೈಪೋಟಿನಾ ಭಾವ? ಕೊಡಿ ಇಲ್ಲಿ!”

ಅವನು ಕೊಡಲಿಲ್ಲ. ಒಂದೇ ಬೆರಳಿನಿಂದ, ಅಕ್ಷರಕ್ಕೊಮ್ಮೆ ನಿಲ್ಲುತ್ತ, ಗೊತ್ತಿಲ್ಲದ ಆ ಮನುಷ್ಯನಿಗೆ ಬರೆಯತೊಡಗಿದ್ದ.